ಪಿಲಾಟೆಸ್ ಕಲಿಸುವವರ ಸರ್ಟಿಫಿಕೇಟ್ ಓದುವುದು ಹೇಗೆ?

ಬೆಳಗಾವಿಯಲ್ಲಿ ಚಹಾದ ಗಾಡಿ ಇಡುವವರಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು. ಟೊಂಕ ನೋವೆಂದು ಬಂದವರನ್ನು ಮ್ಯಾಟ್ ಮೇಲೆ ಮಲಗಿಸಿ ‘ಕಾಲೆತ್ತಿ, ತಲೆಯೆತ್ತಿ’ ಎನ್ನುವ, ಪಿಲಾಟೆಸ್ ಎಂಬ ವ್ಯಾಯಾಮ ಪದ್ಧತಿಯ ಶಿಕ್ಷಕರಿಗೆ ಮಾತ್ರ ಭಾರತದಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಜಿಮ್‌ನ ಗೋಡೆಯ ಮೇಲಿರುವ ಪಾಲಿಕೆಯ ಟ್ರೇಡ್ ಲೈಸೆನ್ಸ್ ಅಂಗಡಿಗೆ ಸಿಕ್ಕಿದ್ದು, ಕಲಿಸುವವರ ವಿದ್ಯೆಗಲ್ಲ. ಅದರ ಪಕ್ಕದಲ್ಲಿ ಫ್ರೇಮ್ ಹಾಕಿಸಿ ತೂಗುಹಾಕಿದ ಸರ್ಟಿಫಿಕೇಟ್ ಎರಡು ದಿನದ ಶಿಬಿರದ್ದೂ ಇರಬಹುದು, ಒಂದು ವರ್ಷದ ಓದಿನದ್ದೂ ಇರಬಹುದು. ದೂರದಿಂದ ಎರಡೂ ಒಂದೇ ಥರ: ಬಂಗಾರದ ಅಂಚು, ಇಂಗ್ಲಿಷ್ ಅಕ್ಷರ, ಕೆಳಗೊಂದು ಸಹಿ.

ಹೀಗಾಗಿ ಆ ಕಾಗದವನ್ನು ಓದುವ ಕೆಲಸ ಫೀ ಕಟ್ಟುವವರ ಮೇಲೇ ಬಿದ್ದಿದೆ. ಕೋರ್ಸ್ ನಡೆಸಿದ ಸಂಸ್ಥೆಯ ಹೆಸರು ಎಷ್ಟು ದೊಡ್ಡದು ಎಂಬುದರಿಂದ ಹೆಚ್ಚೇನೂ ತಿಳಿಯದು. ಎಷ್ಟು ತಾಸು ಕಲಿತರು, ಯಾವ ಉಪಕರಣದ ಮೇಲೆ ಕಲಿತರು, ಯಾರ ಕಣ್ಣೆದುರು ಬೇರೆಯವರಿಗೆ ಕಲಿಸಿ ತೋರಿಸಿದರು, ಪರೀಕ್ಷೆ ಯಾರು ತಗೊಂಡರು ಎನ್ನುವುದು ಗೊತ್ತಾದರೆ ಮುಕ್ಕಾಲು ಪಾಲು ನಿರ್ಧಾರ ಆದಂತೆ.

ಹೆಸರು ಯಾರ ಸೊತ್ತೂ ಅಲ್ಲ

ಜೋಸೆಫ್ ಪಿಲಾಟೆಸ್ (1883–1967) ಜರ್ಮನಿಯಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಬಂಧನ ಶಿಬಿರದಲ್ಲಿದ್ದು, 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿ ಸಂಗಾತಿ ಕ್ಲಾರಾ ಜೊತೆ ವ್ಯಾಯಾಮಶಾಲೆ ನಡೆಸಿದರು. ತಮ್ಮ ಪದ್ಧತಿಗೆ ಅವರು ಕೊಟ್ಟ ಹೆಸರು ‘ಕಂಟ್ರಾಲಜಿ’. 1945ರಲ್ಲಿ ಬಂದ ಅವರ ಪುಸ್ತಕದಲ್ಲಿ ಮ್ಯಾಟ್ ಮೇಲೆ ಮಾಡುವ 34 ವ್ಯಾಯಾಮಗಳಿವೆ. ತಮ್ಮ ನಂತರ ಶಿಕ್ಷಕರನ್ನು ಪರೀಕ್ಷಿಸಿ ಪದವಿ ಕೊಡುವ ಸಂಸ್ಥೆಯನ್ನು ಅವರು ಕಟ್ಟಿಹೋಗಲಿಲ್ಲ. ನಮ್ಮ ಕಡೆಯ ಗರಡಿಮನೆಗಳಲ್ಲಿ ಯಾವ ವಸ್ತಾದರ ಕೈಕೆಳಗೆ ಪಳಗಿದವನು ಎಂಬುದೇ ಪೈಲ್ವಾನನ ಗುರುತಾಗಿದ್ದಂತೆ, ಇಲ್ಲೂ ಬಹಳ ಕಾಲ ಗುರುವಿನ ಹೆಸರೇ ಸರ್ಟಿಫಿಕೇಟ್ ಆಗಿತ್ತು.

ಮುಂದೆ ‘ಪಿಲಾಟೆಸ್’ ಎಂಬ ಹೆಸರು ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಆಯಿತು. ಅದನ್ನು ಹೊಂದಿದ್ದವರು ಬೇರೆ ಸ್ಟುಡಿಯೋಗಳು ಆ ಹೆಸರು ಬಳಸದಂತೆ ತಡೆಯಲು ಹೋದರು. 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್, ಇದು ಯೋಗ, ಕರಾಟೆಯಂತೆ ಒಂದು ವ್ಯಾಯಾಮ ಪದ್ಧತಿಯ ಸಾಮಾನ್ಯ ಹೆಸರು, ಯಾರೊಬ್ಬರ ಸೊತ್ತೂ ಅಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ಒಳ್ಳೆಯ ಶಾಲೆಗಳು ಧೈರ್ಯವಾಗಿ ಬೆಳೆದವು. ಅದೇ ಬಾಗಿಲಿನಿಂದ ವಾರಾಂತ್ಯದ ಕೋರ್ಸುಗಳೂ ಒಳಗೆ ಬಂದವು.

2001ರಲ್ಲಿ ಶುರುವಾದ ಪಿಲಾಟೆಸ್ ಮೆಥಡ್ ಅಲಯನ್ಸ್ ಎಂಬ ಅಮೆರಿಕದ ವೃತ್ತಿಸಂಘ ಒಂದು ಅಳತೆಗೋಲು ಇಟ್ಟಿತು: ಪೂರ್ಣ ಶಿಕ್ಷಕ ತರಬೇತಿ ಎಂದರೆ ಎಲ್ಲ ಮುಖ್ಯ ಉಪಕರಣಗಳೂ ಸೇರಿ ಕನಿಷ್ಠ 450 ತಾಸು. ಅಷ್ಟು ಮುಗಿಸಿದವರು ತಾವು ಕಲಿತ ಶಾಲೆಗೆ ಸಂಬಂಧವಿಲ್ಲದ ಪ್ರತ್ಯೇಕ ಪರೀಕ್ಷೆ ಬರೆದು ಪಾಸಾದರೆ ಹೆಸರಿನ ಮುಂದೆ ಎನ್‌ಸಿಪಿಟಿ (ನ್ಯಾಷನಲಿ ಸರ್ಟಿಫೈಡ್ ಪಿಲಾಟೆಸ್ ಟೀಚರ್) ಎಂದು ಹಾಕಿಕೊಳ್ಳಬಹುದು; ಎರಡು ವರ್ಷಕ್ಕೊಮ್ಮೆ ಮುಂದುವರಿದ ಕಲಿಕೆಯ ದಾಖಲೆ ಕೊಟ್ಟು ನವೀಕರಿಸಬೇಕು. ಅಮೆರಿಕದಲ್ಲೂ ಇದು ಕಾನೂನಿನ ಕಡ್ಡಾಯವಲ್ಲ. ಬೆಳಗಾವಿಯಲ್ಲಿ ಈ ನಾಲ್ಕು ಅಕ್ಷರ ಇರುವವರೇ ಸಿಗಬೇಕೆಂದು ಹಟ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಆದರೆ 450 ಎಂಬ ಅಂಕಿ ಕೈಯಲ್ಲಿದ್ದರೆ ಉಳಿದ ಕೋರ್ಸುಗಳನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು.

ತಾಸುಗಳ ಲೆಕ್ಕ

ಲೆಕ್ಕ ಸರಳ. ಶನಿವಾರ, ಭಾನುವಾರ ದಿನಕ್ಕೆ 8 ತಾಸು ಕೂತರೆ 16 ತಾಸು. ಒಂದು ತಿಂಗಳು ಬಿಡುವಿಲ್ಲದೆ ದಿನಕ್ಕೆ 8 ತಾಸು ಕಲಿತರೂ 240. ‘ಒಂದು ತಿಂಗಳಲ್ಲಿ ಕಾಂಪ್ರೆಹೆನ್ಸಿವ್ (ಎಲ್ಲ ಉಪಕರಣಗಳ ಪೂರ್ಣ ತರಬೇತಿ) ಮುಗಿಸಿದೆ’ ಎಂದು ಯಾರಾದರೂ ಹೇಳಿದರೆ 450 ಎಲ್ಲಿಂದ ಬಂತು ಎಂದು ಕೇಳುವುದು ಒರಟುತನವಲ್ಲ. ದಿನಕ್ಕೆ ಎರಡು ತಾಸಿನಂತೆ ಹೋದರೆ ಅಷ್ಟಾಗಲು ಏಳು ತಿಂಗಳ ಮೇಲೆ ಬೇಕು.

ಒಟ್ಟು ತಾಸಿಗಿಂತ ಅದರ ಒಳಹಂಚಿಕೆ ಮುಖ್ಯ. ಒಳ್ಳೆಯ ತರಬೇತಿಯಲ್ಲಿ ನಾಲ್ಕು ಭಾಗ ಇರುತ್ತವೆ: ತರಗತಿಯ ಪಾಠ (ಅದರಲ್ಲಿ ಅಂಗರಚನೆಯೂ ಸೇರಿ), ಅನುಭವಿ ಶಿಕ್ಷಕರು ಕಲಿಸುವುದನ್ನು ಕೂತು ನೋಡುವುದು, ಸ್ವಂತ ಅಭ್ಯಾಸ, ಮೇಲ್ವಿಚಾರಣೆಯಲ್ಲಿ ಬೇರೆಯವರಿಗೆ ಕಲಿಸುವುದು. ಕೊನೆಯ ಭಾಗವೇ ಅಗ್ಗದ ಕೋರ್ಸುಗಳಲ್ಲಿ ಮಾಯವಾಗುವುದು, ಯಾಕೆಂದರೆ ಅದಕ್ಕೆ ಹಿರಿಯ ಶಿಕ್ಷಕರ ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ಪುಣೆ, ಮುಂಬೈ, ಬೆಂಗಳೂರಲ್ಲಿ ಮೂರು ದಿನ ಕೂತು ಬಂದವರಿಗೆ ವ್ಯಾಯಾಮಗಳ ಹೆಸರೂ ಕ್ರಮವೂ ಬಾಯಿಪಾಠ ಇರುತ್ತದೆ. ಎದುರಿಗಿರುವ ದೇಹ ಆ ಕ್ರಮಕ್ಕೆ ಬಗ್ಗದಿದ್ದಾಗ ಏನು ಮಾಡಬೇಕು ಎಂಬುದು ಮಾತ್ರ ನೂರು ಜನರಿಗೆ ಕಲಿಸದೆ ಬರುವುದಿಲ್ಲ.

ಸರ್ಟಿಫಿಕೇಟಿನಲ್ಲಿ ಇನ್ನೊಂದು ಸಾಲು ಹುಡುಕಬೇಕು. ಕೋರ್ಸಿಗೆ ಹಾಜರಾಗಿದ್ದಾರೆ ಎನ್ನುವ ಪತ್ರ ಬೇರೆ, ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಪಾಸಾಗಿದ್ದಾರೆ ಎನ್ನುವ ಪತ್ರ ಬೇರೆ. ಸ್ಟಾಟ್ ಪಿಲಾಟೆಸ್‌ನಂಥ ದೊಡ್ಡ ಶಾಲೆಗಳಲ್ಲೂ ಕೋರ್ಸ್ ಮುಗಿಸುವುದು ಒಂದು ಮೆಟ್ಟಿಲು, ಪರೀಕ್ಷೆ ಪಾಸಾಗುವುದು ಮುಂದಿನ ಮೆಟ್ಟಿಲು. ಮೊದಲನೆಯದನ್ನೇ ಫ್ರೇಮ್ ಹಾಕಿಸಿದವರು ಕಡಿಮೆಯಿಲ್ಲ. ಅದು ಸುಳ್ಳಲ್ಲ, ಅರ್ಧ ದಾರಿಯ ಕಾಗದ ಅಷ್ಟೇ.

‘ಮ್ಯಾಟ್’, ‘ರಿಫಾರ್ಮರ್’, ‘ಕಾಂಪ್ರೆಹೆನ್ಸಿವ್’ ಎಂಬ ಪದಗಳಲ್ಲಿ ಯಾವುದಿದೆ ನೋಡಿ. ಮ್ಯಾಟ್ ಎಂದರೆ ನೆಲದ ವ್ಯಾಯಾಮ ಮಾತ್ರ. ರಿಫಾರ್ಮರ್ ಎಂದರೆ ಹಳಿಯ ಮೇಲೆ ಜಾರುವ ಹಲಗೆ, ಸ್ಪ್ರಿಂಗ್, ಹಗ್ಗ ಇರುವ ಮಂಚದಂಥ ಯಂತ್ರ. ಕಾಂಪ್ರೆಹೆನ್ಸಿವ್ ಎಂದರೆ ಇವೆರಡರ ಜೊತೆಗೆ ಕ್ಯಾಡಿಲಾಕ್, ಚೇರ್, ಬ್ಯಾರಲ್ ಎಂಬ ಉಳಿದ ಉಪಕರಣಗಳೆಲ್ಲ. ಮ್ಯಾಟ್ ಕಲಿತವರು ರಿಫಾರ್ಮರ್ ಕಲಿಸುತ್ತಿದ್ದರೆ ಅಲ್ಲಿಗೇ ಮಾತು ಮುಗಿಯಿತು, ಬೇರೆ ಜಾಗ ನೋಡಿ. ಯಾವುದೂ ಬರೆಯದೆ ಬರೇ ‘ಸರ್ಟಿಫೈಡ್ ಪಿಲಾಟೆಸ್ ಟ್ರೇನರ್’ ಎಂದಿದ್ದರೆ ಕೇಳಿಯೇ ತಿಳಿಯಬೇಕು.

ಜಿಮ್, ಯೋಗ, ಫಿಜಿಯೋ: ಬಂದ ದಾರಿ ಯಾವುದು?

ನಮ್ಮಂಥ ಊರುಗಳಲ್ಲಿ ಪಿಲಾಟೆಸ್ ಒಂದನ್ನೇ ಕಲಿಸಿ ಹೊಟ್ಟೆ ಹೊರೆಯುವುದು ಕಷ್ಟ. ಹಾಗಾಗಿ ಕಲಿಸುವವರು ಹೆಚ್ಚಾಗಿ ಬೇರೆ ಕೆಲಸದಿಂದ ಈ ಕಡೆ ಹೊರಳಿದವರು.

ಜಿಮ್ ಟ್ರೇನರ್‌ಗಳ ಬಳಿ ಪರ್ಸನಲ್ ಟ್ರೇನರ್ ಸರ್ಟಿಫಿಕೇಟ್ ಇರಬಹುದು: ಅಮೆರಿಕದ ಎಸಿಇ ಎಂಬ ಸಂಸ್ಥೆಯದ್ದೋ, ನಮ್ಮ ಕೌಶಲ ಮಂಡಳಿಯ ಫಿಟ್ನೆಸ್ ಟ್ರೇನರ್ ಮಟ್ಟದ್ದೋ. ತೂಕ ಎತ್ತಿಸಲು ಅದು ಒಳ್ಳೆಯ ತಳಪಾಯ, ಪಿಲಾಟೆಸ್‌ಗೆ ಅದರಿಂದ ಅರ್ಹತೆ ಬರುವುದಿಲ್ಲ. ಇವರ ಸಾಮಾನ್ಯ ತಪ್ಪು ಎಣಿಕೆ ಹೆಚ್ಚಿಸುವುದು. ಪಿಲಾಟೆಸ್‌ನಲ್ಲಿ ಒಂದು ವ್ಯಾಯಾಮವನ್ನು ಐದು-ಎಂಟು-ಹತ್ತು ಸಲ ಸರಿಯಾಗಿ ಮಾಡಿಸುತ್ತಾರೆ. ಮೂವತ್ತು ಸಲ ಮಾಡಿ ಹೊಟ್ಟೆ ಉರಿದರೆ ಅದು ಬೇರೆ ವ್ಯಾಯಾಮ, ತಪ್ಪೇನಲ್ಲ, ಆದರೆ ನೀವು ಫೀ ಕಟ್ಟಿದ್ದು ಅದಕ್ಕಲ್ಲ.

ಯೋಗ ಶಿಕ್ಷಕರ ವಿಷಯದಲ್ಲಿ ನಮಗೆ ಒಂದು ಅನುಕೂಲ ಉಂಟು: ಕೇಂದ್ರದ ಆಯುಷ್ ಸಚಿವಾಲಯದಡಿ ಯೋಗ ಸರ್ಟಿಫಿಕೇಶನ್ ಬೋರ್ಡ್ ಇದೆ, ಹಂತಹಂತದ ಪರೀಕ್ಷೆ ಇದೆ. ಯೋಗಕ್ಕಾಗಿ ಬಂದವರು ಅದನ್ನು ಕೇಳಬಹುದು. ಪಿಲಾಟೆಸ್‌ಗೆ ಅಂಥದ್ದು ಇಲ್ಲ, ಯೋಗ ಶಿಕ್ಷಕರ ಕೋರ್ಸಿನ 200 ತಾಸನ್ನು ಪಿಲಾಟೆಸ್ ಖಾತೆಗೆ ಜಮಾ ಮಾಡಲೂ ಬರುವುದಿಲ್ಲ. ಉಸಿರಾಟವೇ ಬೇರೆ: ಪಿಲಾಟೆಸ್‌ನಲ್ಲಿ ಹೊಟ್ಟೆಯ ಆಳದ ಸ್ನಾಯುಗಳನ್ನು ಹಿಡಿದಿಟ್ಟು, ಪಕ್ಕೆಲುಬು ಬದಿಗೆ ಹಿಗ್ಗುವಂತೆ ಉಸಿರು ತಗೊಳ್ಳಬೇಕು, ಹೊಟ್ಟೆ ಉಬ್ಬಿಸುವ ಉಸಿರಿಗೆ ಒಗ್ಗಿದವರು ಇದನ್ನು ಹೊಸದಾಗಿಯೇ ಕಲಿಯಬೇಕು.

ಫಿಜಿಯೋಥೆರಪಿಸ್ಟ್‌ಗಳದ್ದು ಬೇರೆಯದೇ ತೂಕ. ನಾಲ್ಕು ವರ್ಷಕ್ಕೂ ಹೆಚ್ಚಿನ ಬಿಪಿಟಿ ಪದವಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, 2021ರ ಕೇಂದ್ರ ಕಾಯ್ದೆಯಿಂದ ಮಾನ್ಯತೆ ಪಡೆದ ವೃತ್ತಿ. ಬೆಳಗಾವಿಯಲ್ಲಿ ಕೆಎಲ್‌ಇಯ ಫಿಜಿಯೋಥೆರಪಿ ಕಾಲೇಜೇ ಇರುವುದರಿಂದ ಇಲ್ಲಿ ಓದಿದ ಫಿಜಿಯೋಗಳು ಸಿಗುವುದು ಕಷ್ಟವಲ್ಲ. ನೋವಿನ ಮೂಲ ಹುಡುಕುವುದು ಅವರಿಗೆ ಗೊತ್ತು. ಆದರೆ ಫಿಜಿಯೋ ಪದವಿ ಇದ್ದ ಮಾತ್ರಕ್ಕೆ ಪಿಲಾಟೆಸ್ ಬರುತ್ತದೆ ಎಂದಲ್ಲ. ಅವರಿಗೂ ಪ್ರತ್ಯೇಕ ತರಬೇತಿ ಬೇಕು, ಅದೂ ಕೆಲವೊಮ್ಮೆ ಎರಡು ದಿನದ್ದೇ ಆಗಿರುತ್ತದೆ.

ಹಾಗಾದರೆ ಯಾರು? ಟೊಂಕ ನೋವು ಕಾಲಿಗೆ ಇಳಿಯುತ್ತಿದೆ, ಡಿಸ್ಕ್ ಜಾರಿದೆ, ಆಪರೇಶನ್ ಆಗಿದೆ, ಹೆರಿಗೆಯಾಗಿ ಆರು ತಿಂಗಳಾಗಿಲ್ಲ ಎಂದರೆ ಎರಡು ದಿನದ ಪಿಲಾಟೆಸ್ ಕಲಿತ ಫಿಜಿಯೋ, 450 ತಾಸಿನ ಪಿಲಾಟೆಸ್ ಶಿಕ್ಷಕರಿಗಿಂತ ಮೊದಲು ಬರಲಿ. ನೋವಿಲ್ಲ, ಮೈ ಬಿಗಿ ಸಡಿಲಬೇಕು, ಹೊಟ್ಟೆ-ಬೆನ್ನು ಗಟ್ಟಿಯಾಗಬೇಕು ಎಂದರೆ ಪೂರ್ಣ ತರಬೇತಿಯ ಪಿಲಾಟೆಸ್ ಶಿಕ್ಷಕರೇ ಮೇಲು. ಫಿಜಿಯೋ ಹತ್ತಿರ ಒಂದೆರಡು ತಿಂಗಳು, ಆಮೇಲೆ ಅವರ ಟಿಪ್ಪಣಿ ಹಿಡಿದು ಪಿಲಾಟೆಸ್ ಶಿಕ್ಷಕರ ಹತ್ತಿರ ಎನ್ನುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡುವವರಾದರೆ ಇನ್ನೂ ಚಲೋ.

ಒಂದೇ ವ್ಯಾಯಾಮದಲ್ಲಿ ಗೊತ್ತಾಗುವುದು

‘ಹಂಡ್ರೆಡ್’ ಎಂಬ ವ್ಯಾಯಾಮ ಎಲ್ಲ ಕೋರ್ಸುಗಳಲ್ಲೂ ಮೊದಲ ದಿನವೇ ಬರುತ್ತದೆ. ಅಂಗಾತ ಮಲಗಿ, ತಲೆ-ಭುಜ ಎತ್ತಿ, ಕಾಲು ಚಾಚಿ ಮೇಲೆ ಹಿಡಿದು, ಪಕ್ಕದಲ್ಲಿರುವ ಕೈಗಳನ್ನು ಮೇಲೆ ಕೆಳಗೆ ಸಣ್ಣಗೆ ಬಡಿಯುವುದು. ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ, ಹೀಗೆ ಹತ್ತು ಸುತ್ತು, ಒಟ್ಟು ನೂರು.

ಹೊಸಬರಲ್ಲಿ ಎರಡು ಕಡೆ ತಪ್ಪುತ್ತದೆ. ಕಾಲು ಕೆಳಗಿಳಿದಷ್ಟೂ ಅದರ ಭಾರ ಹೊಟ್ಟೆಗೆ ಹಿಡಿಯಲಾಗದೆ ಟೊಂಕ ಮ್ಯಾಟ್‌ನಿಂದ ಮೇಲೇಳುತ್ತದೆ. ಮಾರನೆಯ ದಿನ ಅಲ್ಲಿಯೇ ನೋವು. ಇನ್ನೊಂದು, ಎದೆಯ ಭಾಗ ಏಳದೆ ಗದ್ದವನ್ನು ಮಾತ್ರ ಮುಂದೆ ಚಾಚುವುದರಿಂದ ಕುತ್ತಿಗೆ ಹಿಡಿಯುತ್ತದೆ. ಸರಿಯಾಗಿ ಕಲಿತವರು ಇದನ್ನು ಮೊದಲ ಎರಡು ಸುತ್ತಿನಲ್ಲೇ ಕಂಡು, ಮೊಣಕಾಲು ಮಡಚಿಸಿ ಕಾಲನ್ನು ಮೇಜಿನ ಆಕಾರಕ್ಕೆ ತರುತ್ತಾರೆ. ಅಷ್ಟಕ್ಕೂ ಆಗದಿದ್ದರೆ ಪಾದ ನೆಲಕ್ಕೆ, ಕುತ್ತಿಗೆ ನೋಯುತ್ತಿದ್ದರೆ ತಲೆ ಕೆಳಗೆ ಅಥವಾ ದಿಂಬಿನ ಮೇಲೆ. ಉಸಿರು ಮತ್ತು ಕೈಯ ಎಣಿಕೆ ಹಾಗೇ ಉಳಿಯುತ್ತದೆ. ಅರೆಬರೆ ಕಲಿತವರು ‘ಇನ್ನೊಂದು ಸ್ವಲ್ಪ, ಹಿಡೀರಿ, ಹಿಡೀರಿ’ ಎನ್ನುತ್ತಾರೆ. ಟ್ರಯಲ್ ತರಗತಿಗೆ ಹೋದಾಗ ಈ ಒಂದೇ ವ್ಯಾಯಾಮದ ಹೊತ್ತಿಗೆ ಶಿಕ್ಷಕರು ನಿಮ್ಮ ಟೊಂಕ ನೋಡುತ್ತಿದ್ದಾರೋ, ಕನ್ನಡಿಯಲ್ಲಿ ತಮ್ಮ ಭಂಗಿ ನೋಡಿಕೊಳ್ಳುತ್ತಿದ್ದಾರೋ ಗಮನಿಸಿ. ಇಡೀ ತರಗತಿ ತಾವೇ ಮಾಡಿ ತೋರಿಸುತ್ತಾ ಮುಗಿಸುವವರಿಗೆ ನಿಮ್ಮನ್ನು ನೋಡಲು ಸಮಯವೇ ಉಳಿಯದು.

ಭಾಷೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿಲಾಟೆಸ್ ಕಲಿಸುವುದು ಹೆಚ್ಚಾಗಿ ಬಾಯಿಂದ. ‘ನ್ಯೂಟ್ರಲ್ ಸ್ಪೈನ್’, ‘ಸ್ಕೂಪ್’ ಎಂದು ಇಂಗ್ಲಿಷಿನ ಪಾಠ ಒಪ್ಪಿಸಿದರೆ ಸಾಲದು. ಟೊಂಕದ ಕೆಳಗೆ ಎಷ್ಟು ಸಂದು ಇರಬೇಕು, ಯಾವ ಎಲುಬು ಕೆಳಗೆ ಒತ್ತಬೇಕು ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಎದುರಿಗಿದ್ದವರಿಗೆ ತಿಳಿಯುವಂತೆ ಹೇಳಬಲ್ಲವರಿಗೆ ವಿಷಯ ಒಳಗಿಳಿದಿದೆ ಎಂದರ್ಥ.

ಸ್ಪ್ರಿಂಗ್‌ಗಳ ಸಂಗತಿ

ರಿಫಾರ್ಮರ್ ಇರುವ ಕಡೆ ಹೋಗುವವರು ಯಂತ್ರವನ್ನೂ ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಅಥವಾ ಐದು ಸ್ಪ್ರಿಂಗ್ ಇರುತ್ತವೆ. ಎಷ್ಟು ಸ್ಪ್ರಿಂಗ್ ಹಾಕಿದರೆ ಅಷ್ಟು ಕಷ್ಟ ಎಂಬುದು ಜಿಮ್‌ನಿಂದ ಬಂದ ಲೆಕ್ಕ, ಇಲ್ಲಿ ಅರ್ಧ ಮಾತ್ರ ನಿಜ. ಮಲಗಿ ಕಾಲಿಂದ ತಳ್ಳುವಾಗ ಸ್ಪ್ರಿಂಗ್ ಹೆಚ್ಚಿದಷ್ಟೂ ಭಾರ ಹೆಚ್ಚು. ಅದೇ ಹಲಗೆಯ ಮೇಲೆ ಕಾಲಿಟ್ಟು, ಕೈ ಕಂಬಿಯ ಮೇಲಿಟ್ಟು, ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಮಾಡುವಾಗ ಸ್ಪ್ರಿಂಗ್ ಕಡಿಮೆಯಾದಷ್ಟೂ ಕಷ್ಟ, ಯಾಕೆಂದರೆ ಹಲಗೆಯನ್ನು ವಾಪಸ್ ಎಳೆದು ತರುವ ಆಸರೆ ಹೋಯಿತು. ಹೊಸಬರಿಗೆ ‘ಹಗುರ ಮಾಡೋಣ’ ಎಂದು ಪ್ಲ್ಯಾಂಕ್‌ಗೆ ಸ್ಪ್ರಿಂಗ್ ತೆಗೆಯುವವರು ರಿಫಾರ್ಮರ್ ಕಲಿತಿಲ್ಲ. ಹಲಗೆ ಜಾರಿ ದೂರ ಹೋಗುತ್ತದೆ, ಟೊಂಕ ಕುಸಿಯುತ್ತದೆ, ಭುಜಕ್ಕೆ ಪೆಟ್ಟಾಗುತ್ತದೆ.

ನಿಂತು ಮಾಡುವ ವ್ಯಾಯಾಮದಲ್ಲಿ ಹತ್ತುವಾಗ ಮೊದಲ ಕಾಲು ಅಲುಗದ ಕಟ್ಟೆಯ ಮೇಲೆ, ಎರಡನೆಯದು ಜಾರುವ ಹಲಗೆಯ ಮೇಲೆ. ಇಳಿಯುವಾಗ ಹಲಗೆಯ ಮೇಲಿನ ಕಾಲು ಮೊದಲು, ಕಟ್ಟೆಯ ಮೇಲಿನದು ಕೊನೆಗೆ. ಇದನ್ನು ಮೊದಲ ದಿನವೇ ಹೇಳಿಕೊಡದ ಕಡೆ ಬೀಳುವುದು ಇವತ್ತಲ್ಲ ನಾಳೆ. ಸೊಂಟ ಮೇಲೆತ್ತಿ ಬೆನ್ನು ಸುರುಳಿ ಮಾಡುವ ವ್ಯಾಯಾಮಕ್ಕೆ ಮುಂಚೆ ತಲೆಯ ಆಸರೆಯನ್ನು ಕೆಳಗಿಳಿಸುತ್ತಾರೋ ನೋಡಿ. ಇಲ್ಲವಾದರೆ ಕುತ್ತಿಗೆ ಮಡಚಿ ಅದರ ಮೇಲೆ ಮೈಭಾರ ಬೀಳುತ್ತದೆ.

ಸ್ಪ್ರಿಂಗ್ ಸವೆಯುವ ವಸ್ತು. ಬ್ಯಾಲೆನ್ಸ್ಡ್ ಬಾಡಿಯಂಥ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ಎಳೆಯದೆ ಬಿಟ್ಟಾಗಲೂ ಸುರುಳಿಗಳ ನಡುವೆ ಸಂದು ಕಂಡರೆ, ಎಲ್ಲಾದರೂ ಸೊಟ್ಟಗಾಗಿದ್ದರೆ, ತುಕ್ಕು ಹಿಡಿದಿದ್ದರೆ ಅದು ತುಂಡಾಗುವ ಸರದಿಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ ಮತ್ತು ತೇವ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ; ಕಬ್ಬಿಣದ ಸಾಮಾನು ಇರುವ ಸ್ಟುಡಿಯೋದಲ್ಲಿ ಮಳೆಗಾಲದ ತಪಾಸಣೆ ಹೇಗೆ ಮಾಡುತ್ತಾರೆ ಎಂದು ಕೇಳಬಹುದು. ಊರಲ್ಲೇ ಮಾಡಿಸಿದ ಯಂತ್ರ ಎಂದ ಮಾತ್ರಕ್ಕೆ ಮೂಗು ಮುರಿಯಬೇಕಿಲ್ಲ. ಉದ್ಯಮಬಾಗದ ವರ್ಕ್‌ಶಾಪಿನವರಿಗೆ ಹಳಿ, ಗಾಲಿ, ಚೌಕಟ್ಟು ದೊಡ್ಡ ಮಾತಲ್ಲ. ಸ್ಪ್ರಿಂಗ್ ಎಷ್ಟು ಎಳೆತದ್ದು ಎಂದು ಅಳೆದು ಗೊತ್ತಿದೆಯೋ ಎಂಬುದೇ ಪ್ರಶ್ನೆ. ಬಣ್ಣ ನೋಡಿ ಹೇಳುತ್ತೇನೆ ಎಂದರೆ ಸಾಲದು, ಒಬ್ಬ ತಯಾರಕರ ಬಣ್ಣದ ಗುರುತು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ನಿಮ್ಮನ್ನು ಕೇಳಬೇಕಾದ ಪ್ರಶ್ನೆಗಳು

ಶಿಕ್ಷಕರ ವಿದ್ಯೆ ಕಾಣುವುದು ಅವರು ಕೇಳುವ ಪ್ರಶ್ನೆಯಲ್ಲೂ ಹೌದು. ಮೊದಲ ದಿನ ಹೆಸರು, ಫೋನ್ ನಂಬರ್ ಬರೆದುಕೊಂಡು ಯುಪಿಐ ಸ್ಕ್ಯಾನರ್ ಮುಂದಿಟ್ಟರೆ ಅನುಮಾನಪಡಿ. ಬಿಪಿ, ಆಪರೇಶನ್, ಗರ್ಭ, ಹಳೆಯ ಪೆಟ್ಟು, ಈಗ ನುಂಗುವ ಗುಳಿಗೆ, ಎಲ್ಲವನ್ನೂ ಅವರು ಕೇಳಬೇಕು, ಬರೆದಿಡಬೇಕು. ಯಾಕೆಂದರೆ ಒಂದೇ ವ್ಯಾಯಾಮ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಅಪಾಯ.

ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾದ ಹೆಂಗಸರಿಗೆ ಬೆನ್ನು ಗುಂಡಗೆ ಬಗ್ಗಿಸಿ ಏಳುವ ‘ರೋಲ್ ಅಪ್’, ಚೆಂಡಿನಂತೆ ಉರುಳುವ ವ್ಯಾಯಾಮ, ಕಾಲನ್ನು ತಲೆಯ ಹಿಂದೆ ಒಯ್ಯುವ ‘ರೋಲ್ ಓವರ್’ ಇವು ಬೇಡ. ಹೀಗೆ ಬಗ್ಗಿದಾಗ ಬೆನ್ನಿನ ಮಣಿಯ ಮುಂಭಾಗದ ಮೇಲೆ ಒತ್ತಡ ಬಿದ್ದು ಅದು ಕುಸಿಯಬಹುದು. ಮ್ಯಾಟ್ ಕ್ರಮದಲ್ಲಿ ಅರ್ಧಕ್ಕರ್ಧ ಇಂಥ ಬಗ್ಗುವಿಕೆಯೇ ಇರುವುದರಿಂದ, ಶಿಕ್ಷಕರು ಅವರಿಗಾಗಿ ಬೇರೆಯೇ ತರಗತಿ ಹೆಣೆಯಬೇಕು. ಡಿಸ್ಕ್ ತೊಂದರೆಯವರಿಗೂ ಮುಂದೆ ಬಗ್ಗುವುದೇ ಹೆಚ್ಚಾಗಿ ಕೆರಳಿಸುತ್ತದೆ. ಬೆನ್ನೆಲುಬಿನೊಳಗಿನ ನರದ ಕಾಲುವೆ ಕಿರಿದಾದವರಿಗೆ, ಮಣಿ ಮುಂದೆ ಸರಿದವರಿಗೆ ಉಲ್ಟಾ: ಬೋರಲು ಮಲಗಿ ಎದೆ ಎತ್ತುವ ‘ಸ್ವಾನ್’ ತೊಂದರೆ ಕೊಡುತ್ತದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಿರುವವರು (ಗ್ಲಾಕೋಮಾ), ಹಿಡಿತಕ್ಕೆ ಬಾರದ ಬಿಪಿ ಇದ್ದವರು ತಲೆ ಕೆಳಗಾಗುವ ಭಂಗಿ ಬಿಡಬೇಕು. ಗರ್ಭಿಣಿಯರು ಮೊದಲ ಮೂರು ತಿಂಗಳ ನಂತರ ಬಹಳ ಹೊತ್ತು ಅಂಗಾತ ಮಲಗುವಂತಿಲ್ಲ. ಹೆರಿಗೆಯ ನಂತರ ಹೊಟ್ಟೆಯ ನಡುಸಾಲಿನಲ್ಲಿ ಸ್ನಾಯು ಬೇರ್ಪಟ್ಟಿದೆಯೋ ಎಂದು ಬೆರಳಿಟ್ಟು ನೋಡದೆ ತಲೆಯೆತ್ತುವ ವ್ಯಾಯಾಮ ಶುರು ಮಾಡಿಸಬಾರದು. ‘ಟೊಂಕ ನೋವಿಗೆ ಪಿಲಾಟೆಸ್ ಒಳ್ಳೇದು’ ಎಂದು ಇವರೆಲ್ಲರಿಗೂ ಒಂದೇ ಕ್ರಮ ಹಾಕಿಸುವವರಿಗೆ ಎಷ್ಟು ಸರ್ಟಿಫಿಕೇಟ್ ಇದ್ದರೇನು?

‘ಮೂರು ತಿಂಗಳಲ್ಲಿ ಸ್ಲಿಪ್ ಡಿಸ್ಕ್ ಗುಣ’ ಎನ್ನುವ ಮಾತಿಗೂ ಒಂದು ಅಳತೆ ಇದೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಟೊಂಕ ನೋವಿನ 10 ಪ್ರಯೋಗಗಳನ್ನು, ಒಟ್ಟು 510 ಜನರನ್ನು ಒಟ್ಟುಗೂಡಿಸಿ ನೋಡಿತು. ಹೆಚ್ಚೇನೂ ಮಾಡದೆ ಇರುವುದಕ್ಕಿಂತ ಪಿಲಾಟೆಸ್‌ನಿಂದ ಉಪಯೋಗ ಇರಬಹುದು, ಆದರೆ ಬೇರೆ ವ್ಯಾಯಾಮಗಳಿಗಿಂತ ಅದು ಮೇಲು ಎನ್ನಲು ಖಚಿತ ಆಧಾರವಿಲ್ಲ ಎಂಬುದು ಅದರ ಸಾರ. ಗುಣ ಮಾಡುತ್ತೇನೆ ಎನ್ನುವವರಿಗಿಂತ ‘ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ’ ಎನ್ನುವವರು ನಂಬಿಕೆಗೆ ಅರ್ಹರು.

ಫೋನ್ ಮಾಡುವಾಗ, ಫೀ ಕಟ್ಟುವಾಗ

ಕೇಳಲು ಸಂಕೋಚ ಬೇಡ. ‘ಮ್ಯಾಡಮ್, ನಿಮ್ಮ ಪಿಲಾಟೆಸ್ ಕೋರ್ಸ್ ಎಷ್ಟು ತಾಸಿಂದಿತ್ರೀ? ಮ್ಯಾಟ್ ಅಷ್ಟೇನೋ, ರಿಫಾರ್ಮರೂ ಐತೇನ್ರೀ? ಪರೀಕ್ಷಾ ಯಾರು ತಗೊಂಡ್ರೀ?’ ಕಷ್ಟಪಟ್ಟು ಕಲಿತವರು ಇದಕ್ಕೆ ಖುಷಿಯಿಂದ, ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಶಾಲೆಯ ಹೆಸರು ಸಿಕ್ಕಮೇಲೆ ಅದರ ವೆಬ್‌ಸೈಟ್ ನೋಡಿ: ಆ ಕೋರ್ಸಿನ ತಾಸು ಎಷ್ಟು ಎಂದು ಅಲ್ಲೇ ಬರೆದಿರುತ್ತದೆ, ದೊಡ್ಡ ಶಾಲೆಗಳಲ್ಲಿ ಶಿಕ್ಷಕರನ್ನು ಹೆಸರು ಅಥವಾ ಊರಿನಿಂದ ಹುಡುಕುವ ಪಟ್ಟಿಯೂ ಇರುತ್ತದೆ. ಎನ್‌ಸಿಪಿಟಿ ಎಂದು ಹಾಕಿಕೊಂಡವರ ಹೆಸರನ್ನು ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿಯ ಕಾಗದಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ, ತಾರೀಖು ನೋಡಿ.

ಊರಲ್ಲಿ ಮ್ಯಾಟ್ ಮಟ್ಟದವರು ಮಾತ್ರ ಸಿಕ್ಕರೆ ನಿರಾಶರಾಗಬೇಕಿಲ್ಲ. ಆರೋಗ್ಯವಂತರಿಗೆ ಒಳ್ಳೆಯ ಮ್ಯಾಟ್ ಶಿಕ್ಷಕರು ವರ್ಷಗಟ್ಟಲೆ ಸಾಕು. ಪುಣೆಗೋ ಬೆಂಗಳೂರಿಗೋ ಹೋಗುವ ಕೆಲಸವಿದ್ದರೆ ಅಲ್ಲಿ ಪೂರ್ಣ ತರಬೇತಿ ಪಡೆದವರ ಬಳಿ ಒಂದೆರಡು ಖಾಸಗಿ ತರಗತಿ ತಗೊಂಡು, ನಿಮಗೆ ಯಾವುದು ಬೇಕು, ಯಾವುದು ಬೇಡ ಎಂದು ಬರೆಸಿಕೊಂಡು ಬಂದು ಇಲ್ಲಿಯವರಿಗೆ ಕೊಡಬಹುದು. ಆನ್‌ಲೈನ್ ತರಗತಿಯಾದರೆ ಕ್ಯಾಮೆರಾ ಪಕ್ಕದಿಂದ, ಮ್ಯಾಟ್‌ನ ಎತ್ತರಕ್ಕೆ ಇರಲಿ, ಎದುರಿನಿಂದ ಟೊಂಕದ ಸಂದು ಕಾಣುವುದಿಲ್ಲ. ಒಂದೇ ಪರದೆಯಲ್ಲಿ ಮೂವತ್ತು ಜನರಿದ್ದರೆ ಅದು ವೀಡಿಯೋ ನೋಡಿದಂತೆಯೇ.

ವರ್ಷದ ಪ್ಯಾಕೇಜ್‌ಗೆ ರಿಯಾಯಿತಿ ಎಂದರೂ ಮೊದಲು ಒಂದು ತಿಂಗಳದ್ದಷ್ಟೇ ಕಟ್ಟಿ. ರಶೀದಿಯ ಮೇಲೆ ಶಿಕ್ಷಕರ ಹೆಸರು, ತರಗತಿಯ ಬಗೆ, ಹಣ ವಾಪಸ್ ಮಾಡುವ ಷರತ್ತು ಬರೆಸಿಕೊಳ್ಳಿ. ಅರ್ಹತೆ ಹೇಳಿಕೊಂಡ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಲ್ಲದ ಅರ್ಹತೆ ಹೇಳಿ ಸೇವೆ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕಟ್ಟಿದ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.